“ಆರಾಮ ಅದಾಳ್ರಿ” ಎಂದ ಪರಪ್ಪ

ಇಂಗಳೇಶ್ವರದ ಹೊನ್ನವ್ವ ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಕುಳಿತರೆ ಓಣಿಯ ಹೆಂಗಸರೆಲ್ಲ ಬಂದು ನೋಡುತ್ತಿದ್ದರು. ಆದರೆ ಮಗಳ ಬಾಣಂತನಕ್ಕೆಂದು ಹಿಡಿದ ಕೌದಿ ಒಂದು ಮೂಲೆ ತೆರೆದೇ ಗೂಟಕ್ಕೆ ತೂಗುತ್ತಿತ್ತು. ಮೊಮ್ಮಗ ಆಗಲೇ ಅಂಬೆಗಾಲಿಡುತ್ತಿದ್ದ. ಹೊನ್ನವ್ವನಿಗೆ ಊಟ ಬೇಡ, ಮಾತು ಬೇಡ, ನಿದ್ದೆ ಹತ್ತಿರ ಸುಳಿಯದು. ಗಂಡ ಪರಪ್ಪ ಆರು ತಿಂಗಳಿಂದ ಬಾಗೇವಾಡಿಯ ಡಾಕ್ಟರರಿಂದ ಗುಳಿಗೆ ತಂದು ತಂದು ಬೇಸತ್ತಿದ್ದ.

“ನಾಳಿಂದ ಗುಳಗಿ ಬಂದ್ ನರ್ಸಬಾಯಾರ,” ಎಂದ, ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನರ್ಸ್ ರಾಜಬಿಗೆ. “ಆಕಿ ಹಣಿಬರಾನ ಹಂಗೈತಿ.”

“ಡಾಕ್ಟರನ್ನ ಕೇಳದ ಬಂದ್ ಮಾಡಬಾರ್ದು ಪರಪ್ಪಣ್ಣ. ಅವರು ‘ಹೆಂಗದಾರ’ ಅಂದ್ರ ಏನ್ ಹೇಳ್ತಿ?”

“‘ನಿಮ್ಮ ದಯಾದಿಂದ ಆರಾಮ ಅದಾಳ್ರಿ’ ಅಂತೇನಿ.”

ರಾಜಬಿ ಕಪ್ಪು ಕೆಳಗಿಟ್ಟಳು. “ಆರು ತಿಂಗಳ ಇದನ್ನ ಹೇಳಿಯೇನು?”

“ಮತ್ತ? ಅಷ್ಟು ದೊಡ್ಡ ಮನಷ್ಯಾಗ ನಿಮ್ಮ ಔಷಧ ನಾಟಿಲ್ಲ ಅಂತ ಮಾರಿ ಮ್ಯಾಲ ಹೇಳಲೇನು?”

“ಎತ್ತು ಕುಂಟಿದ್ರ ದನದ ಡಾಕ್ಟರಗ ‘ಚಲೋ ನಡೀತೈತ್ರಿ’ ಅಂತಿಯೇನು? ನೀ ಆರಾಮ ಅಂದ್ರ ಅವರು ಅದೇ ಗುಳಗಿ ಬರೀತಾರ. ಒಂದ ಗುಳಗಿ ಎಲ್ಲಾರಿಗೂ ಒಗ್ಗೂದಿಲ್ಲ. ಬ್ಯಾರೆ ಅದಾವ. ಮನಸಿನ ಡಾಕ್ಟರೂ ಧಾರವಾಡದಾಗ ಅದಾರ.”

“ಧಾರವಾಡ! ಹುಚ್ಚರ ದವಾಖಾನಿಗೆ ಹೋದ್ರು ಅಂತ ಊರೆಲ್ಲಾ ನಗತೈತಿ.”

“ನಗೋರು ನಿಮ್ಮನ್ಯಾಗ ರೊಟ್ಟಿ ಬಡ್ಯಾಕ ಬರ್ತಾರೇನು?”

ರಾಜಬಿ ಒಳಗೆ ಹೋಗಿ ಹೊನ್ನವ್ವನ ಕೈ ಹಿಡಿದು ಕುಳಿತಳು. “ಅಕ್ಕಾ, ಬದುಕೂದ ಬ್ಯಾಡ ಅನಸತೈತೇನು?”

ಹೊನ್ನವ್ವ ಗೂಟದ ಕೌದಿಯ ಕಡೆ ನೋಡಿದಳು. “ದಿನಾ ಅನಸತೈತಿ.”

ಹೊಸ್ತಿಲಲ್ಲಿದ್ದ ಪರಪ್ಪ ಒಳಗೆ ಬಂದು ಹೆಂಡತಿಯ ಪಕ್ಕ ಕುಳಿತ. ಒಂದೇ ಸೂರಿನ ಕೆಳಗಿದ್ದೂ ಅವನು ಇದನ್ನು ಕೇಳಿರಲಿಲ್ಲ.

“ಬಾಯಿಬಿಟ್ಟು ಹೇಳಿದಿ, ಭಾಳ ಚಲೋ ಆತು ಅಕ್ಕಾ,” ಎಂದಳು ರಾಜಬಿ. “ಪರಪ್ಪಣ್ಣ, ಈಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ಏಳು, ಈಗಿನ ಬಸ್ಸಿಗೇ ಹೋಗೂಣು.”

ಬಾಗೇವಾಡಿಯಲ್ಲಿ ಪರಪ್ಪ ಟೋಪಿ ಕೈಲಿ ಹಿಡಿದು ನಿಂತ. “ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ, ಗುಳಗಿ ನಾಟಿಲ್ಲ. ಆಕಿಗೆ ಜೀವಾನ ಬ್ಯಾಡಾಗೈತಿ.”

ಡಾಕ್ಟರರಿಗೆ ಸಿಟ್ಟು ಬರಲಿಲ್ಲ. “ಇದನ್ನ ಮೊದಲ ಹೇಳಬೇಕಿಲ್ಲೇನಪಾ?” ಎಂದು ಧಾರವಾಡಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿ ರಕ್ತ ಪರೀಕ್ಷೆ ಮಾಡಿದರು, ಔಷಧ ಬದಲಿಸಿದರು, ಹೊನ್ನವ್ವನೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದರು. ಮೂರನೆಯ ವಾರ ನಿದ್ದೆ ಹತ್ತಿತು. ನಡುವೆ ಒಮ್ಮೆ ಮತ್ತೆ ಕುಗ್ಗಿದಳು. ಪರಪ್ಪ ಮುಚ್ಚಿಡಲಿಲ್ಲ, ಹೋಗಿ ಇದ್ದದ್ದು ಇದ್ದಂತೆ ಹೇಳಿಬಂದ. ನೆರೆಮನೆಯ ಸಾವಂತ್ರವ್ವ ದಿನಾ ಮಧ್ಯಾಹ್ನ ಸೂಜಿ ದಾರ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಹೊನ್ನವ್ವ ಮಾತನಾಡಿದರೆ ಕೇಳುವಳು, ಇಲ್ಲದಿದ್ದರೆ ಸುಮ್ಮನೆ ಹೊಲಿಯುವಳು.

ಒಂದು ಬೆಳಿಗ್ಗೆ ಹೊನ್ನವ್ವ ಗೂಟದ ಕೌದಿ ಇಳಿಸಿಕೊಂಡಳು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿ ಚೂರು ಇಟ್ಟು ಮುಚ್ಚುವುದು ಅವಳ ತವರಿನ ರೂಢಿ.

“ರೀ, ಒಂದ್ ಚೂರು ರೊಟ್ಟಿ ತರ್ರಿ.”

ಪರಪ್ಪ ಗಡಿಬಿಡಿಯಲ್ಲಿ ಇಡೀ ರೊಟ್ಟಿಯನ್ನೇ ತಂದ.

“ಅಯ್ಯ, ಇಷ್ಟು ತಿಂದ್ರ ಕೌದಿಗೆ ಅಜೀರ್ಣ ಆಗತೈತಿ!” ಎಂದು ನಕ್ಕಳು. ಚೂರೊಂದನ್ನು ಮೂಲೆಯೊಳಗಿಟ್ಟಳು. ಉಳಿದದ್ದನ್ನು ತಾನೇ ತಿಂದಳು.

ಮುಂದಿನ ಸಲ ಧಾರವಾಡದ ಡಾಕ್ಟರರು “ಹೆಂಗದಾರ?” ಎಂದಾಗ ಪರಪ್ಪ “ನೀನ ಹೇಳು” ಎಂದು ಹೆಂಡತಿಯ ಕಡೆ ತಿರುಗಿದ.

“ಕೌದಿ ಮುಗಿಸೀನ್ರಿ,” ಎಂದಳು ಹೊನ್ನವ್ವ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿಯೂ ಯಾರದಾದರೂ ಮನಸ್ಸು ಕುಗ್ಗಿ, ಔಷಧ ನಾಟದಿದ್ದರೆ ಹಣೆಬರಹ ಎನ್ನಬೇಡಿ. ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಡಾಕ್ಟರರ ಮುಂದೆ ಮರ್ಯಾದೆಯ ಮಾತು ಬೇಡ, ನಿಜ ಹೇಳಿ. ಅದಕ್ಕೂ ಮೊದಲು ಮನೆಯವರ ಪಕ್ಕದಲ್ಲಿ ಕುಳಿತು, ಹೇಗಿದ್ದೀಯ ಎಂದು ಅವರನ್ನೇ ಕೇಳಿ.