ಫೋಟೋದ ಕೆಳಗಿನ ಅಳತೆ

ದಾರ ಮತ್ತೆ ಸೂಜಿಯಿಂದ ಜಾರಿತು, ಕಣ್ಣು ಮಂಜಾದರೆ ದಾರವೇನು ಮಾಡೀತು, ಟೈಲರಮ್ಮ ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಿದಳು, ಮಗಳ ಶಾಲೆಯ ಅಂಗಿ ಇವತ್ತು ಮುಗಿಯಬೇಕು, ಅಳತೆಯೇ ಕೊಡದವಳಿಗೆ ಹೇಗೆ ಹೊಲಿಯುವುದು — ಎಂಟು ವರ್ಷ, ಹೊಲಿದ ಪ್ರತಿ ಫ್ರಾಕೂ ಮೊದಲು ಮಗಳ ಮೈಮೇಲೆ, ಆಮೇಲೆ ಅಂಗಡಿಯ ಪೇಜಿನಲ್ಲಿ, ತಿರುಗು ಚಿನ್ನ, ನಗು ಚಿನ್ನ, ಅವಳೂ ಬುಗುರಿಯ ಹಾಗೆ ತಿರುಗಿ ನಗುತ್ತಿದ್ದಳಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ ಎಂದು ಗಂಡ ಛೇಡಿಸಿದರೆ ಲೈಕು ಎಷ್ಟು ಬಿದ್ದಿದೆ ನೋಡ್ರೀ ಎಂದು ಅವನ ಮೂಗಿಗೇ ಫೋನು ಹಿಡಿದಿದ್ದಳು, ಗಿರಾಕಿಗಳು ಬಿಡುತ್ತಿರಲಿಲ್ಲ, ಅಕ್ಕಾ ಇದು ಯಾವ ಸೈಜು, ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆಂದು ಫೋಟೋದ ಕೆಳಗೇ ಬರೆದಳು, ವಯಸ್ಸು ಐದು, ಎದೆ ಇಷ್ಟು, ಸೊಂಟ ಇಷ್ಟು, ಐದು ಆರಾಯಿತು, ಹತ್ತಾಯಿತು, ಕೈ ಬರೆಯುತ್ತಲೇ ಹೋಯಿತು, ಹದಿಮೂರಕ್ಕೂ ಬರೆಯಿತು, ಕೈಗೆ ಬುದ್ಧಿಯಿಲ್ಲ ಸರಿ, ತಲೆಗಾದರೂ ಬೇಡವೇ.

ಸೋಮವಾರ ತರಗತಿಯ ಹುಡುಗರು ಆ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದಿದ್ದರು, ಮಗಳ ಹೆಸರಿನ ಸಮೇತ, ದೊಡ್ಡದಾಗಿ — ಮನೆಗೆ ಬಂದವಳು ಅಳಲಿಲ್ಲ, ಹಾಕೋ ಮುಂಚೆ ನನ್ನ ಒಂದ್ ಮಾತು ಕೇಳಿದ್ಯಾಮ್ಮ ಎಂದಳು, ಅಷ್ಟೇ, ಅವತ್ತೇ ಎಲ್ಲವನ್ನೂ ಅಳಿಸಿದ್ದಾಯಿತು, ಅಳಿಸುವಾಗಲೂ ಎಷ್ಟು ಚೆಂದ ಇದ್ದಾಳೆ ಅನ್ನಿಸಿತು, ಈಗಷ್ಟೇ ಹಳೇ ಗಿರಾಕಿಯ ಫೋನು, ಅಕ್ಕಾ ಆ ಹಸಿರು ಫ್ರಾಕಿನ ಫೋಟೋ ತೆಗೆದ್ಬಿಟ್ರಾ, ಪರವಾಗಿಲ್ಲ ಬಿಡಿ, ನನ್ ಹತ್ರ ಇದೆ, ನಮ್ ಗ್ರೂಪಲ್ಲೂ ಹಾಕಿದೀನಿ — ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಈ ಫೋಟೋ ಹೋಗುವುದೂ ಇಲ್ಲವಲ್ಲ. ಬೆಳಿಗ್ಗೆ ಟೇಪು ಹಿಡಿದು ಹತ್ತಿರ ಹೋದಾಗ ಮಗಳು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡಳು, ಬೇಡ, ನಿನ್ನ ಅಳತೆಗೇ ಹೊಲಿ, ಭುಜ ಜಾರತ್ತೆ ಚಿನ್ನ, ಜಾರ್ಲಿ, ನಿನ್ನ ಅಮ್ಮ ಅಲ್ವೇನೇ ನಾನು, ಮಗಳ ಕೈಗಳು ಇನ್ನಷ್ಟು ಬಿಗಿಯಾದವು — ಟೈಲರಮ್ಮ ತನ್ನದೇ ಹಳೆಯ ಅಂಗಿಯನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿ ಆಡಿಸಿದಳು, ಹುಟ್ಟಿದ ವಾರ ಮಗಳ ಮೈಯನ್ನು ಗೇಣಿನಲ್ಲೇ ಅಳೆದಿದ್ದಳು, ಕೂಸು ಕೈ ಅಗಲಿಸಿ ಮಲಗಿತ್ತು, ಯಾರ ಭಯವೂ ಇಲ್ಲದೆ — ಕಾಲರು ಕೂತಿತು, ಬೆನ್ನು ಮುಗಿಯಿತು, ಎದೆಯ ಭಾಗಕ್ಕೆ ಬಂದಾಗ ಮೆಷಿನ್ನಿನ ಪೆಡಲಿನ ಮೇಲಿದ್ದ ಕಾಲು ನಿಂತಿತು, ತುಳಿ, ತುಳಿ ಎಂದರೂ ಅಲುಗದು, ಆ ಎರಡು ಕೈ, ಹೆತ್ತವಳ ಎದುರಿಗೇ, ಅಡ್ಡ ಇಟ್ಟ ಆ ಎರಡು ಕೈ