ಟ್ರೇಲರ್ ಎಳೆಯಲೊಂದು ಗಾಡಿ

ಐದನೇ ಶನಿವಾರವೂ ಗಾಡಿ ಹುಡುಕಿಕೊಂಡು ಹೊರಡುವ ಮನಸ್ಸು ಮೈತ್ರೇಯಿಗಿರಲಿಲ್ಲ. ಅದೂ ಡೆಟ್ರಾಯಿಟ್‌ವರೆಗೆ. ವಾರವಿಡೀ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ಆದವರನ್ನು ಎಬ್ಬಿಸಿ ನಡೆಸಿ ಅವಳ ಸೊಂಟವೇ ಹಿಡಿದುಕೊಂಡಿತ್ತು. ಎಲ್ಕ್ ಗ್ರೋವ್‌ನಲ್ಲಿ ನೋಡಿದ ಪಿಕಪ್‌ನ ಅಡಿಭಾಗ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೆ ತುಕ್ಕು ಹಿಡಿದು, ಬೆರಳಿಟ್ಟರೆ ಉದುರುತ್ತಿತ್ತು. ಸ್ಕೋಕಿಯ ಎಸ್‌ಯುವಿ ಗೇರ್ ಬದಲಾದಾಗಲೆಲ್ಲ ಮುಗ್ಗರಿಸುತ್ತಿತ್ತು. ಉಳಿದೆರಡು ಅವಳೂ ಗಂಡನೂ ತಲುಪುವ ಮೊದಲೇ ಮಾರಿಹೋಗಿದ್ದವು.

ಗಾಡಿಯ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆಯಂಥ ಟ್ರೇಲರ್ ಮಾತ್ರ ಆಗಲೇ ಕೊಂಡಾಗಿತ್ತು. ಎರಡು ವರ್ಷದ ಹಿಂದೆ ಅವಳ ಗಂಡ ಶ್ರೀಕಾಂತ್‌ಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಸುಧಾರಿಸಿದವು, ಎಡಗಡೆಯ ನೋಟ ಮರಳಲಿಲ್ಲ. ಫಿಸಿಯೋಥೆರಪಿಸ್ಟ್ ಆದ ಮೈತ್ರೇಯಿಗೆ ಮೂರು ತಿಂಗಳಿಗೊಂದು ಊರು. ವಿಸ್ಕಾನ್ಸಿನ್, ಮಿಷಿಗನ್‌ನ ಸಣ್ಣ ಆಸ್ಪತ್ರೆಗಳು ಕರೆದಲ್ಲಿಗೆ ಹೋಗಬೇಕು. ಅವನನ್ನು ಒಬ್ಬನೇ ಬಿಟ್ಟು ಹೋಗುವಂತಿರಲಿಲ್ಲ. ಕರೆದುಕೊಂಡು ಹೋದರೆ, ಪ್ರತಿ ಹೊಸ ಮೋಟೆಲಿನಲ್ಲೂ ಮೊದಲ ಹದಿನೈದು ದಿನ ಮಂಚಕ್ಕೆ, ಬಾಗಿಲಿಗೆ ಎಡಗಡೆ ಡಿಕ್ಕಿ ಹೊಡೆದುಕೊಳ್ಳುತ್ತಿದ್ದ. ಟ್ರೇಲರ್ ಆದರೆ ಊರು ಬದಲಾದರೂ ಮಂಚ, ಒಲೆ, ಮೆಟ್ಟಿಲು ಇದ್ದಲ್ಲೇ ಇರುತ್ತವೆ.

ಮಾರುವವರೆಲ್ಲ ಶ್ರೀಕಾಂತ್ ಜೊತೆಗೇ ಮಾತಾಡುತ್ತಿದ್ದರು. ಅವನು ಬಾನೆಟ್ ಎತ್ತಿ ನೋಡಿ ತಲೆಯಾಡಿಸುತ್ತಿದ್ದ. ಟೆಸ್ಟ್ ಡ್ರೈವ್ ಹೊತ್ತಿಗೆ ಬೆನ್ನುನೋವೆಂದು ನೆಪ ಹೇಳಿ ಕೀ ಹೆಂಡತಿಗೆ ಕೊಡುತ್ತಿದ್ದ. ಅದನ್ನು ಎತ್ತಿ ಆಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಹಾಫ್‌ಮನ್ ಎಸ್ಟೇಟ್ಸ್‌ನ ತಮ್ಮ ಮನೆಯನ್ನು ಬೆಳಿಗ್ಗೆ ಆರಕ್ಕೆ ಬಿಟ್ಟರೂ, ಡೆಟ್ರಾಯಿಟ್ ಕಡೆಯ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಅದರ ಪಕ್ಕದ ಕ್ಯಾಂಟನ್ ತಲುಪುವಾಗ ಮಧ್ಯಾಹ್ನ. ಗಾಡಿ ದ್ವಾರಕಾನಾಥರದು. ಮೈಸೂರಿನವರು, ಎಪ್ಪತ್ತು ದಾಟಿದವರು, ಕಾರ್ ಕಂಪನಿಯಲ್ಲಿ ಮೂವತ್ತು ವರ್ಷ ಗೇರ್‌ಬಾಕ್ಸ್ ಪರೀಕ್ಷೆ ಮಾಡಿ ನಿವೃತ್ತರಾದವರು. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದ್ದರು. ದೋಣಿ ಎಳೆಯಲು ಇಟ್ಟುಕೊಂಡಿದ್ದ ಹಳೆಯ ಎಸ್‌ಯುವಿ. ದೋಣಿ ಮಾರಿಯಾಗಿತ್ತು.

“ಇದು ಏಳು ಸಾವಿರ ಪೌಂಡ್ ಎಳೆಯತ್ತೆ ಅಂತ ಹಾಕಿದ್ರಲ್ಲ ಅಂಕಲ್? ನಮ್ದು ತುಂಬಿದ್ರೂ ಐದು ಸಾವಿರ ದಾಟಲ್ಲ,” ಎಂದಳು ಮೈತ್ರೇಯಿ.

“ಎಳೆಯತ್ತಮ್ಮ. ಅದೊಂದನ್ನೇ ನಂಬ್ಕೊಂಡು ಜನ ಕೆಡ್ತಾರೆ.” ಅವರು ಡ್ರೈವರ್ ಬಾಗಿಲು ತೆಗೆದು ಚೌಕಟ್ಟಿನ ಮೇಲಿನ ಸ್ಟಿಕ್ಕರ್ ತೋರಿಸಿದರು. “ಗಾಡಿ ಹೊರೋದು ಎಷ್ಟು ಅಂತ ಇಲ್ಲಿದೆ ನೋಡಿ. ಸಾವಿರದ ಇನ್ನೂರು. ಟ್ರೇಲರ್ ಮೂತಿ ಇದರ ಮೇಲೆ ಕೂತ್ರೆ ಅದೇ ಆರುನೂರು. ನೀವಿಬ್ರೂ ಮುನ್ನೂರು. ಉಳಿದಿದ್ರಲ್ಲಿ ಸಾಮಾನು. ಗ್ರೈಂಡರ್, ಅಕ್ಕಿ ಮೂಟೆ ಎಲ್ಲ ಮನೇಲಿ ಬಿಟ್ಟು ಹೊರಡಿ. ಹಿಂದಿನ ಎಸಿ ಕೆಟ್ಟಿದೆ. ಚಕ್ರದ ಮೇಲೆ ತುಕ್ಕು ಶುರುವಾಗಿದೆ. ಗೇರ್‌ಬಾಕ್ಸ್ ಮಾತ್ರ ನಾನೇ ನೋಡ್ಕೊಂಡಿದೀನಿ.” ಜೇಬಿನಿಂದ ಕೀ ತೆಗೆದರು. “ಓಡಿಸೋದು ಯಾರು?”

ಶ್ರೀಕಾಂತ್ ಬೆನ್ನ ಮೇಲೆ ಕೈಯಿಟ್ಟುಕೊಂಡ. ಮೈತ್ರೇಯಿ ನೆಲ ನೋಡುತ್ತ ಆ ನೆಪಕ್ಕಾಗಿ ಕಾದಳು.

“ಅವಳೇ ಅಂಕಲ್,” ಎಂದ ಶ್ರೀಕಾಂತ್. “ನನಗೆ ಸ್ಟ್ರೋಕ್ ಆಗಿತ್ತು. ಎಡಗಡೆ ಏನೂ ಕಾಣಲ್ಲ. ನೀವು ನಿಂತಿದೀರಲ್ಲ, ಅಲ್ಲಿಂದ ನನಗೆ ಬರೀ ನಿಮ್ಮ ದನಿ ಬರ್ತಿದೆ.”

ಹೊರಗಿನವರೆದುರು ಅವನು ಇದನ್ನು ಹೇಳಿದ್ದು ಇದೇ ಮೊದಲು. ದ್ವಾರಕಾನಾಥರು ಸುತ್ತಿ ಬಂದು ಅವನ ಬಲಕ್ಕೆ ನಿಂತು, ಕೀಯನ್ನು ಮೈತ್ರೇಯಿಯ ಕೈಗಿಟ್ಟರು.

ತೋಟಕ್ಕೆ ಮಣ್ಣು ಹೇರುವ ಪುಟ್ಟ ಟ್ರೇಲರೊಂದು ಅವರಲ್ಲಿತ್ತು. ಅದನ್ನು ಗಾಡಿಗೆ ಸಿಕ್ಕಿಸಿ, ಶನಿವಾರ ಖಾಲಿಯಿದ್ದ ಶಾಲೆಯೊಂದರ ಪಾರ್ಕಿಂಗ್‌ಗೆ ರಿವರ್ಸ್ ಕಲಿಸಲು ಕರೆದೊಯ್ದರು.

“ಸ್ಟೀರಿಂಗ್‌ನ ಕೆಳತುದಿ ಹಿಡ್ಕೊಳ್ಳಮ್ಮ. ಟ್ರೇಲರ್ ಹಿಂಭಾಗ ಯಾವ ಕಡೆ ಹೋಗ್ಬೇಕೋ ಆ ಕಡೆ ಕೈ ಒಯ್ಯಿ. ನಿಧಾನ.”

ನಾಲ್ಕು ಸಲ ಟ್ರೇಲರ್ ಮಡಚಿಕೊಂಡು ಅಡ್ಡ ನಿಂತಿತು. “ನನ್ನ ಕೈಲಾಗಲ್ಲ ರೀ,” ಎಂದು ಮೈತ್ರೇಯಿ ಸ್ಟೀರಿಂಗ್ ಮೇಲೆ ಹಣೆಯಿಟ್ಟಳು. ಶ್ರೀಕಾಂತ್ ಇಳಿದು ಹಿಂದಕ್ಕೆ ಹೋದ. ಇಡೀ ಟ್ರೇಲರ್ ತನ್ನ ಬಲಕ್ಕೆ ಕಾಣುವ ಹಾಗೆ ಜಾಗ ಹುಡುಕಿ ನಿಂತ.

“ಬಾ, ಬಾ. ಸ್ವಲ್ಪ ಬಲಕ್ಕೆ. ಹಾಗೇ ಬಾ. ಸಾಕು!”

ಟ್ರೇಲರ್ ಎರಡು ಬಿಳಿ ಗೆರೆಗಳ ನಡುವೆ ಬಂದು ನಿಂತಿತು, ಸ್ವಲ್ಪ ಸೊಟ್ಟಗೆ.

ಗಾಡಿ ಕೊಂಡರು. ಓಡಿಸುವವಳು ಒಬ್ಬಳೇ ಆದ್ದರಿಂದ ತಾವು ಬಂದಿದ್ದ ಕಾರು ದ್ವಾರಕಾನಾಥರ ಮನೆ ಮುಂದೆಯೇ ಉಳಿಯಿತು. ಮುಂದಿನ ಶನಿವಾರ ಅವಳು ಬಸ್ ಹತ್ತಿ ಬಂದು ಅದನ್ನು ಒಯ್ಯಬೇಕು. ಆರನೇ ಶನಿವಾರವೂ ಹೋಯಿತು ಎಂದು ಮೈತ್ರೇಯಿಗೆ ಹೊಳೆದಾಗ ಅಳುವುದಕ್ಕೂ ಬೇಜಾರಾಯಿತು.

ಸಂಜೆ ಮರಳುವ ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ಕಣ್ಣು ಎಳೆಯತೊಡಗಿ, ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದಳು. “ಹತ್ತು ನಿಮಿಷ ಬಿಟ್ಟು ಎಬ್ಬಿಸಿ,” ಎಂದು ಸೀಟು ಹಿಂದಕ್ಕೆ ಬಾಗಿಸಿದಳು.

ಡ್ರೈವರ್ ಸೀಟು ಶ್ರೀಕಾಂತ್‌ನ ಎಡಕ್ಕೆ, ಅವನ ಕಣ್ಣಿಗೆ ಸಿಗದ ಕಡೆ. ಅವನು ಸೀಟ್‌ಬೆಲ್ಟ್ ಬಿಚ್ಚಿ ಪೂರ್ತಿ ಅವಳತ್ತ ತಿರುಗಿ ಕೂತ. ಒಂದು ಗಂಟೆ ಎಬ್ಬಿಸಲಿಲ್ಲ.