ಸರಿಸಬೇಕಾದ ಪರದೆ, ಹಾಕಬೇಕಾದ ಪರದೆ

ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಹೋಗುವ ಹೊಸ ವೈರಿಗೆ ಆರು ಕಿಟಕಿ. ಆ ವೈರು ನೆಲಕ್ಕೆ ತಾಗಬಾರದೆಂದು ಕೆಳಗಿಟ್ಟ ಮರದ ತುಂಡುಗಳಿಗೆ ಎರಡು ಕಿಟಕಿ. ಆಂಪ್ಲಿಫೈಯರಿನ ತಲೆಯ ಮೇಲೆ ಕೂರಿಸುವ ಕರಿಕಲ್ಲಿನ ಬಿಲ್ಲೆಗಳಿಗೆ ಒಂದು ಬಾಗಿಲು, ಅದೂ ಅಸ್ತರು ಹಾಕಿದ್ದು. ಪರದೆ ಹೊಲಿದು ಮಾರುವ ಅವಳು ಗಂಡನ ಖರ್ಚನ್ನು ಅಳೆಯುತ್ತಿದ್ದದ್ದು ಹೀಗೆ, ಎಷ್ಟು ಕಿಟಕಿಯ ಪರದೆ ಹೊಲಿದ ದುಡ್ಡು ಅದು ಎಂದು. ದುಡ್ಡಿನಲ್ಲಿ ಹೇಳಿದರೆ ಅವನಿಗೆ ನಾಟುತ್ತಿರಲಿಲ್ಲ. ಕಿಟಕಿಯಲ್ಲಿ ಹೇಳಿದರೆ ಅವಳ ಬೆನ್ನುನೋವು ನೆನಪಾಗಿ ತಲೆ ತಗ್ಗಿಸುತ್ತಿದ್ದ.

ಹಾಡು ಶುರುವಾದೊಡನೆ ಆ ತಲೆ ಮತ್ತೆ ಏಳುತ್ತಿತ್ತು.

“ಕೇಳಿದ್ಯೇನೇ? ದನಿ ಮುಂದಿಂದ ಒಂದು ಪರದೆ ಸರಿದ ಹಾಗಾಯ್ತು!”

“ಹೋದ ತಿಂಗಳೂ ಒಂದು ಸರೀತಲ್ಲ. ಅಷ್ಟೊಂದು ಪರದೆ ಹೊಲಿದು ಹಾಕಿದ ಪುಣ್ಯಾತ್ಮ ಯಾರು ರೀ?”

ಅವನದು ಔಷಧಿ ಅಂಗಡಿ. ಬಣ್ಣ ಬಿಟ್ಟರೆ ಎರಡೂ ಒಂದೇ ಆದರೂ ಕೆಂಪು ಟಾನಿಕ್ಕೇ ಬೇಕು, ಹಳದಿಯದರಲ್ಲಿ ಗುಣವಿಲ್ಲ ಎಂದು ಹಟ ಹಿಡಿಯುವವರ ಕಥೆಯನ್ನು ಊಟಕ್ಕೆ ಕೂತಾಗ ಹೇಳಿ ನಗುವವನು. ಅಂಥವನು ಸೌಂಡ್ ಸಾಹುಕಾರನೆದುರು (ಈ ಸಾಮಾನುಗಳನ್ನು ಮಾರುವವನಿಗೆ ಅವಳಿಟ್ಟ ಹೆಸರು) ಎಳೆ ಮಗುವಾಗಿಬಿಡುತ್ತಿದ್ದ. ಆದರೂ ಅವಳಿಗೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ದಿನವಿಡೀ ಊರವರ ಕೆಮ್ಮು ಕೇಳಿ ಬಂದವನು ಸಂಜೆ ಕಣ್ಣುಮುಚ್ಚಿ ಹಾಡು ಕೇಳುವಾಗಿನ ಮುಖ ಅವಳಿಗೆ ಇಷ್ಟ.

ಈ ಸಲ ಮಾತ್ರ ಅವಳು ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟಳು. ತಪ್ಪಿರುವುದು ಸ್ಪೀಕರ್ ಪೆಟ್ಟಿಗೆಗಳಲ್ಲೇ ಎಂದು ಸಾಹುಕಾರ ತೀರ್ಪು ಕೊಟ್ಟಿದ್ದ. ಭಾನುವಾರ ಬಂದು ಅವನ್ನು ಒಯ್ದು, ಹೊಸತನ್ನು ಕೊಡುವುದೆಂದು ಮಾತಾಗಿತ್ತು. ಪೆಟ್ಟಿಗೆ ಮಾಡಿದವನು ಗಂಡನ ಅಣ್ಣ, ತೀರಿಹೋದ ಬಡಗಿ. ಮನೆಯಲ್ಲಿ ಅವಳು ಬಟ್ಟೆ ಕತ್ತರಿಸುವ ಮೇಜಿಗೆಂದು ತಂದ ಹಲಗೆಯಲ್ಲೇ ಉಳಿಸಿ ಮಾಡಿದ್ದು.

“ಭಾವ ಮಾಡಿದ್ದು ಕಣ್ರೀ ಅದು.”

“ನಂಗೆ ಗೊತ್ತಿಲ್ವಾ? ಆದ್ರೆ ನಾವು ಹಳೇ ಮನೆ ಬಿಟ್ಟು ಈ ಮನೆಗೆ ಬಂದಾಗಿಂದ ಹಾಡೆಲ್ಲ ಗದ್ದಲ ಆಗ್ತಿದೆ. ಏನ್ ಮಾಡ್ಲಿ ಹೇಳು?” ಪೆಟ್ಟಿಗೆಗಳ ಕಡೆ ನೋಡದೆಯೇ ಹೇಳಿದ.

ಶನಿವಾರ ಅವಳ ಅಂಗಡಿಗೆ ಸುಣ್ಣ ಬಳಿಯುತ್ತಿದ್ದರು. ಸಭಾಂಗಣವೊಂದಕ್ಕೆ ಹೊಲಿದಿಟ್ಟ ದಪ್ಪ ಮಖಮಲ್ಲಿನ ಪರದೆಗಳು ಸುಕ್ಕಾಗದಿರಲೆಂದು ಅವನ್ನು ಮನೆಗೆ ತಂದು, ಹಜಾರದ ಬೋಳು ಗೋಡೆಗಳ ಉದ್ದಕ್ಕೂ ಹಗ್ಗ ಕಟ್ಟಿ ಇಳಿಬಿಟ್ಟಳು. ಸಂಜೆ ಅವನು ಬಂದು, ಇದೇನು ನಾಟಕದ ಕಂಪನಿ ಎಂದು ಗೊಣಗುತ್ತಲೇ ಹಾಡು ಹಾಕಿದ. ಹಾಕಿದವನು ನೆಟ್ಟಗೆ ಕೂತ.

“ಇವಳೇ, ಬಾ ಇಲ್ಲಿ! ಕಲ್ಲು ಕೆಲಸ ಮಾಡ್ತಿದೆ ಕಣೇ! ಪಳಗೋಕೆ ಸ್ವಲ್ಪ ದಿನ ಬೇಕು ಅಂತ ಸಾಹುಕಾರ ಹೇಳಿದ್ದ!”

“ಯಾವ ಕಲ್ಲು?”

“ಅದೇ...” ಅವನ ಕೈ ಆಂಪ್ಲಿಫೈಯರಿನ ಮೇಲೆ ತಡಕಾಡಿತು. ಬರಿದು.

“ಬೆಳಿಗ್ಗೆಯಿಂದ ಒಳಗೆ ನನ್ನ ಮೇಜಿನ ಮೇಲಿವೆ. ಇನ್ನೊಂದು ಆರ್ಡರಿನ ಬಟ್ಟೆ ಕತ್ತರಿಸುವಾಗ ಜಾರ್ತಿತ್ತು, ಮೇಲೆ ಹೇರಿದೆ. ಭಾರ ಚೆನ್ನಾಗಿದೆ ರೀ, ಅಷ್ಟು ನಿಜ.”

ಅವನು ಹಾಡು ನಿಲ್ಲಿಸಿ ಚಪ್ಪಾಳೆ ತಟ್ಟಿದ. ದಿನಾ ಚಮಚ ಬಿದ್ದರೂ ಗುಂಯ್ ಎನ್ನುವ ಹಜಾರ ಸುಮ್ಮನಿತ್ತು. ಮತ್ತೆ ಹಾಡು ಹಾಕಿದ. ಅವಳಿಗೂ ಏನೋ ಹೊಳೆದು, ಪರದೆಗಳನ್ನೆಲ್ಲ ಮೂಲೆಗೆ ಒತ್ತರಿಸಿದಳು, ದನಿ ಒರಟಾಯಿತು. ಬಿಡಿಸಿದಳು, ಮೆತ್ತಗಾಯಿತು.

“ಇಷ್ಟು ದಿನ ಪರದೆ ಸರೀತು, ಪರದೆ ಸರೀತು ಅಂತ ಕುಣಿದೆನಲ್ಲೇ. ಹಾಕ್ಬೇಕಿತ್ತು!”

“ಹೊಲಿಯೋಳು ಮನೇಲೇ ಇದ್ಲು. ಕೇಳ್ಬೇಕಿತ್ತು.”

“ಕೆಂಪು ಟಾನಿಕ್ ಕುಡಿದೆ ಕಣೇ ನಾನು.”

“ಬಾಟ್ಲಿಗಟ್ಟಲೆ!”

ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು.

ಮರುದಿನ ಬಂದ ಸಾಹುಕಾರನಿಗೆ ಗಂಡನೇ ಬಾಗಿಲಲ್ಲಿ ಹೇಳಿದ: “ಅಣ್ಣನ ಪೆಟ್ಟಿಗೆ ಕೊಡಲ್ಲ.”

ಸಾಹುಕಾರ ಒಳಗೆ ಇಣುಕಿದ. “ಪರದೆಗೇ ಅಂತ ತಾಮ್ರದ ಉಂಗುರ ಬಂದಿದೆ ಸಾರ್. ದನಿ ಇನ್ನೂ ತೆರ್ಕೊಳ್ಳುತ್ತೆ.”

ಗಂಡನ ಕಣ್ಣು ಮಿನುಗಿತು. ಒಳಗಿನಿಂದ ಕತ್ತರಿ ಕಚಕ್ಕೆಂದಿತು. ಕಣ್ಣು ಆರಿತು.

ಮಖಮಲ್ಲು ಸಭಾಂಗಣಕ್ಕೆ ಹೋಯಿತು. ತಮ್ಮ ಹಜಾರಕ್ಕೆ ಅವಳು ಉಳಿಕೆ ಬಟ್ಟೆ ಜೋಡಿಸಿ ಬೇರೆ ಹೊಲಿದಳು. ವೈರಿಗೂ ಮರದ ತುಂಡುಗಳಿಗೂ ಹೋದ ಎಂಟು ಕಿಟಕಿ ಹೋದವೇ. ಕಲ್ಲುಗಳು ಅವಳ ಮೇಜಿಗಾದವು. ಭಾವನ ಪೆಟ್ಟಿಗೆಗಳು ಮನೆಯಲ್ಲೇ ಉಳಿದವು.